ತಾರೀಖು ಇಲ್ಲದ ಪರೀಕ್ಷೆಗೆ ಓದುವ ಮನಸ್ಸು

ಧಾರವಾಡದ ಸಪ್ತಾಪುರ, ಜಯನಗರ, ಶ್ರೀನಗರ ಸರ್ಕಲ್ ಸುತ್ತಮುತ್ತಲಿನ ಬಾಡಿಗೆ ಕೋಣೆಗಳಲ್ಲಿ ಈಗ ಒಂದೇ ಪ್ರಶ್ನೆ. ನೋಟಿಫಿಕೇಶನ್ ಯಾವಾಗ? ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯಿಂದ ಬಂದ ಹುಡುಗ ಹುಡುಗಿಯರು ಪಿಸಿ, ಪಿಎಸ್‌ಐ, ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಾ ಇಲ್ಲಿ ವರ್ಷಗಳನ್ನು ಕಳೆಯುತ್ತಿದ್ದಾರೆ. ರಾಜ್ಯ ಸರ್ಕಾರದಲ್ಲಿ 2.5 ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಹಾಗಿದ್ದರೂ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳ ಒಳಗೇ ಹಂಚುವ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸರ್ಕಾರ ತಡೆ ಹಾಕಿತು. ಸುಮಾರು ಒಂದು ವರ್ಷ ಕಾದು ಬೇಸತ್ತು, 2025ರ ಸೆಪ್ಟೆಂಬರ್‌ನಲ್ಲಿ ಸಾವಿರಾರು ಮಂದಿ ಧಾರವಾಡದ ಬೀದಿಗಿಳಿದರು.

ಮೀಸಲಾತಿ, ಹಣಕಾಸು, ರಾಜಕೀಯದ ಮಾತು ಇದರ ಬಗ್ಗೆ ಸಾಕಷ್ಟು ಆಗಿದೆ. ಆ ಮಾತುಗಳ ನಡುವೆ ಕಾಯುವವರ ತಲೆಯೊಳಗೆ ಏನು ನಡೆಯುತ್ತದೆ ಎಂದು ಯಾರೂ ಜಾಸ್ತಿ ಕೇಳಲಿಲ್ಲ. ಈ ಮಕ್ಕಳನ್ನು ಹಿಂಡುತ್ತಿರುವುದು ಪರೀಕ್ಷೆಯ ಕಷ್ಟಕ್ಕಿಂತ, ಫೇಲಾಗುವ ಭಯಕ್ಕಿಂತ, ಯಾವುದೂ ಗೊತ್ತಾಗದೆ ಇರುವ ಸ್ಥಿತಿ ಎಂದು ನಾನು ನಂಬಿದ್ದೇನೆ. ಹಾಗೆ ನಂಬಲು ಮನಶ್ಶಾಸ್ತ್ರದಲ್ಲಿ ಗಟ್ಟಿ ಆಧಾರಗಳಿವೆ.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಒಂದು ಕಲ್ಲು ಕಾಣುತ್ತದೆ. ಅದರ ಅಡಿಯಲ್ಲಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಂಥ ಕರೆಂಟ್ ಶಾಕ್. ಯಾವ ಕಲ್ಲಿನಡಿ ಹಾವು ಇರುವ ಸಾಧ್ಯತೆ ಎಷ್ಟು ಎನ್ನುವುದು ಆಟ ಸಾಗಿದಂತೆ ಬದಲಾಗುತ್ತಾ ಹೋಗುತ್ತದೆ. ಆಡುವವರ ಬೆವರು, ಕಣ್ಣಿನ ಪಾಪೆ ಎಷ್ಟು ಹಿಗ್ಗಿತು, ಅವರಿಗೇ ಎಷ್ಟು ಒತ್ತಡ ಅನ್ನಿಸಿತು, ಎಲ್ಲವನ್ನೂ ಅಳೆದರು.

ಶಾಕ್ ಗ್ಯಾರಂಟಿ ಇದ್ದಾಗ ಒತ್ತಡ ಅತಿ ಹೆಚ್ಚು ಇರಬೇಕು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಕಂಡದ್ದು ಬೇರೆ. ಶಾಕ್ ಬರುವ ಸಾಧ್ಯತೆ 50 ಪ್ರತಿಶತ ಇದ್ದಾಗ, ಅಂದರೆ ಬಂದರೂ ಬಂತು ಇಲ್ಲದಿದ್ದರೂ ಇಲ್ಲ ಎನ್ನುವಾಗ, ಒತ್ತಡ ಎಲ್ಲಕ್ಕಿಂತ ಮೇಲೆ ಹೋಗಿತ್ತು. ಖಂಡಿತ ಬರುತ್ತದೆ ಅಂತ ಗೊತ್ತಿದ್ದಾಗ ಮೈಮನಸ್ಸು ಅದಕ್ಕಿಂತ ಶಾಂತವಾಗಿತ್ತು. ಕೆಟ್ಟ ಸುದ್ದಿಯನ್ನು ಮನಸ್ಸು ಹೇಗೋ ಜೀರ್ಣಿಸಿಕೊಳ್ಳುತ್ತದೆ. ಸುದ್ದಿಯೇ ಬರದಿದ್ದರೆ ಜೀರ್ಣಿಸಿಕೊಳ್ಳುವುದಾದರೂ ಏನನ್ನು?

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನನಗೆ ಅದು ಇನ್ನೂ ಮುಖ್ಯ. ಯಾರ ಒತ್ತಡ ಅನಿಶ್ಚಿತತೆಗೆ ತಕ್ಕಂತೆ ಸರಿಯಾಗಿ ಏರಿಳಿಯುತ್ತಿತ್ತೋ, ಅವರೇ ಹಾವನ್ನು ಚೆನ್ನಾಗಿ ಊಹಿಸುತ್ತಿದ್ದರು. ಅಂದರೆ ಈ ತಳಮಳಕ್ಕೆ ಒಂದು ಕೆಲಸ ಇದೆ. ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೋ, ಗಮನ ಕೊಡು, ಕಲಿ ಎಂದು ಅದು ಮಿದುಳನ್ನು ಎಬ್ಬಿಸುತ್ತದೆ. ಕಲಿಯಲು ಎದುರಿಗೆ ಏನಾದರೂ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಈಗ ಸಪ್ತಾಪುರದ ಕೋಣೆಯಲ್ಲಿ ಕೂತವರ ಸ್ಥಿತಿ ನೋಡಿ. ಕಡತ ಬೆಂಗಳೂರಿನ ಯಾವ ಟೇಬಲ್ ಮೇಲಿದೆ, ಯಾವ ಕೋರ್ಟಿನಲ್ಲಿ ಯಾವ ಅರ್ಜಿ ಬಿದ್ದಿದೆ, ಏನೂ ತಿಳಿಯುವ ದಾರಿ ಇಲ್ಲ. ಮಿದುಳು ಎಚ್ಚರ ಎಚ್ಚರ ಅನ್ನುತ್ತಲೇ ಇರುತ್ತದೆ. ಆ ಎಚ್ಚರವನ್ನು ಯಾವುದಕ್ಕೆ ಬಳಸಬೇಕು ಅಂತ ಗೊತ್ತಾಗುವುದಿಲ್ಲ. ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ.

ಇದು ಬರೀ ನೇಮಕಾತಿ ತಡೆಯ ಒಂದು ವರ್ಷದ ಕಥೆಯೂ ಅಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನೆನಪಿಸಿಕೊಳ್ಳಿ. 2021ರ ಅಕ್ಟೋಬರ್ 3ರಂದು ಸುಮಾರು 54 ಸಾವಿರ ಜನ ಬರೆದರು. 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು. ಅಕ್ರಮ ಬಯಲಾಗಿ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆಯೇ ರದ್ದಾಯಿತು. ಕೋರ್ಟು, ವಾದ, ತೀರ್ಪು ಎಲ್ಲ ಮುಗಿದು ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಅಕ್ರಮ ಮಾಡಿದವರನ್ನು ಬಿಡಿ. ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿ ಹೆಸರು ನೋಡಿದವರು ಎರಡು ವರ್ಷ ಏನಾಗಿ ಬದುಕಿದರು? ಆಯ್ಕೆ ಆದವರೂ ಅಲ್ಲ, ಆಗದವರೂ ಅಲ್ಲ. 2024ರ ಆಗಸ್ಟ್ 27ಕ್ಕೆ ನಡೆದ 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪ್ರಿಲಿಮ್ಸ್ ಕೂಡ ಹಾಗೇ. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮತ್ತೆ ಬರೆಯಬೇಕಾಯಿತು. ಹೀಗೆ ಆದಮೇಲೆ ಪರೀಕ್ಷೆ ನಡೆದರೂ ಅನಿಶ್ಚಿತತೆ ತೀರುವುದಿಲ್ಲ. ಕೀ ಆನ್ಸರ್ ಬಂದರೂ, ಕಟ್ ಆಫ್ ಬಂದರೂ, ಆರ್ಡರ್ ಕಾಪಿ ಕೈಗೆ ಬರುವವರೆಗೆ ಯಾರೂ ಉಸಿರು ಬಿಡುವುದಿಲ್ಲ.

ಇಂಥ ಕಾಯುವಿಕೆಯಲ್ಲಿ ಮೊಬೈಲ್ ತನ್ನದೇ ಕೆಲಸ ಮಾಡುತ್ತದೆ. ಟೆಲಿಗ್ರಾಂ ಗ್ರೂಪಿನಲ್ಲಿ 'ಮುಂದಿನ ವಾರ ಪಕ್ಕಾ' ಅಂತ ಒಂದು ಮೆಸೇಜು. ಹತ್ತರಲ್ಲಿ ಒಂಬತ್ತು ಸುಳ್ಳು, ಒಂದು ನಿಜ. ಆ ಒಂದು ಯಾವುದು ಅಂತ ಗೊತ್ತಿಲ್ಲದ್ದರಿಂದ ಹತ್ತನ್ನೂ ತೆರೆದು ನೋಡಬೇಕು. ಕಾಳು ಯಾವಾಗ ಬೀಳುತ್ತದೆ ಅಂತ ತಿಳಿಯದಂತೆ ಇಟ್ಟಾಗ ಪಾರಿವಾಳಗಳು ಬಿಡದೆ ಗುಂಡಿ ಕುಕ್ಕುತ್ತಲೇ ಇರುತ್ತವೆ ಎನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮತ್ತು ಅವರ ಜೊತೆಗಾರರು 1950ರ ದಶಕದಲ್ಲೇ ತೋರಿಸಿದ್ದರು. ಪ್ರತಿ ಸಲವೂ ಸಿಗುವ ಫಲಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಫಲ ಚಟ ಹತ್ತಿಸುತ್ತದೆ. ಹುಡುಗರಿಗೆ ಮೊಬೈಲ್ ಚಟ ಅಂತ ಬೈಯುವ ಮೊದಲು ಇದನ್ನು ಯೋಚಿಸಬೇಕು. ಅಧಿಕೃತ ಸುದ್ದಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದರೆ ಗಾಳಿಸುದ್ದಿಗೆ ಗಿರಾಕಿಗಳೇ ಇರುತ್ತಿರಲಿಲ್ಲ.

ಹಾಗಾದರೆ ಬಿಟ್ಟು ಬೇರೆ ಕೆಲಸ ನೋಡಬಾರದೇ? ಹೊರಗಿನವರು ಸುಲಭವಾಗಿ ಕೇಳುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ, ಇವರಿಗೆ ಬುದ್ಧಿ ಇಲ್ಲ ಅನ್ನುವವರ ಜೊತೆ ನಾನಿಲ್ಲ. ಮಳೆ ನಂಬಿದ ಹೊಲ, ಕೈಗಾರಿಕೆ ಕಡಿಮೆ ಇರುವ ಜಿಲ್ಲೆ, ಹನ್ನೆರಡು ಸಾವಿರದ ಖಾಸಗಿ ನೌಕರಿ. ಇದರ ಎದುರು ಸರ್ಕಾರಿ ನೌಕರಿಯ ಆಸೆ ಪಡುವುದು ಲೆಕ್ಕಾಚಾರದ ತೀರ್ಮಾನವೇ. ಮನಸ್ಸು ಲೆಕ್ಕ ತಪ್ಪುವುದು ಆಮೇಲೆ, ಮೂರನೆಯ ನಾಲ್ಕನೆಯ ವರ್ಷದಲ್ಲಿ.

'ನಾಲ್ಕು ವರ್ಷ ಹಾಕೀನ್ರಿ, ಈಗ ಬಿಟ್ರ ಅಷ್ಟೂ ನೀರಾಗ ಹೋಮ ಮಾಡಿದಂಗ.' ಇಲ್ಲಿನ ಖಾನಾವಳಿಗಳಲ್ಲಿ ರೊಟ್ಟಿಯ ತಾಟಿನ ಮುಂದೆ ಈ ಮಾತು ದಿನವೂ ಕೇಳುತ್ತದೆ. ಕಳೆದುಹೋದದ್ದನ್ನು ಉಳಿಸಿಕೊಳ್ಳಲು ಇನ್ನಷ್ಟು ಕಳೆಯುವ ಈ ಸ್ವಭಾವವನ್ನು 1985ರಲ್ಲಿ ಅಮೆರಿಕದ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಚೆನ್ನಾಗಿ ತೋರಿಸಿದರು. ಒಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಟಿಕೆಟ್ ಕೊಟ್ಟರು. ಯಾರಿಗೆ ಯಾವುದು ಎನ್ನುವುದು ಬರೀ ಅದೃಷ್ಟ. ನಾಟಕಗಳು ಎಲ್ಲರಿಗೂ ಅವೇ. ಆದರೂ ಜಾಸ್ತಿ ದುಡ್ಡು ಕೊಟ್ಟವರು ಸೀಸನ್ನಿನ ಮೊದಲ ಅರ್ಧದಲ್ಲಿ ಜಾಸ್ತಿ ನಾಟಕ ನೋಡಿದರು. ಕೊಟ್ಟ ದುಡ್ಡು ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿ ಕೆಲವು ಡಾಲರಿನ ವ್ಯತ್ಯಾಸಕ್ಕೇ ಹಾಗಾಯಿತು. ಇಲ್ಲಿ ಪಣಕ್ಕಿಟ್ಟಿರುವುದು ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗಿನ ವಯಸ್ಸು, ಅಪ್ಪ ಮಾರಿದ ಎತ್ತು, ಅಕ್ಕ ಮುಂದಕ್ಕೆ ಹಾಕಿದ ಮದುವೆ.

ಇದರ ಜೊತೆಗೆ 'ಅರ್ಧ ಮಾರ್ಕ್ಸಿಗೆ ಹೋಯ್ತು' ಎನ್ನುವುದೂ ಸೇರುತ್ತದೆ. ಕೇಂಬ್ರಿಜ್‌ನ ಲೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಜೂಜಿನ ಯಂತ್ರದ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಗೆಲುವು ಕೂದಲೆಳೆಯಲ್ಲಿ ತಪ್ಪಿದಾಗ, ನಿಜವಾಗಿ ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾದವು. ಆಡುವವರಿಗೆ ಬೇಸರ ಆಯಿತು, ಆದರೂ ಮತ್ತೆ ಆಡಬೇಕು ಎನ್ನುವ ಆಸೆ ಹೆಚ್ಚಾಯಿತು. ಪರೀಕ್ಷೆ ಜೂಜಲ್ಲ, ನಿಜ. ಪರೀಕ್ಷೆಯಲ್ಲಿ ಅರ್ಧ ಅಂಕ ಕಡಿಮೆ ಬಿದ್ದರೆ ಅದರಲ್ಲಿ ಕಲಿಯುವ ಪಾಠ ಇದೆ. ಆರು ತಿಂಗಳೊಳಗೆ ಮತ್ತೆ ಬರೆಯುವಂತಿದ್ದರೆ ಆ ಪಾಠ ಫಲ ಕೊಡುತ್ತದೆ. ಮುಂದಿನ ಪರೀಕ್ಷೆ ಮೂರು ವರ್ಷಕ್ಕೆ ಬಂದರೆ ಕಲಿತದ್ದು ಹಳಸಿರುತ್ತದೆ, ಪೈಪೋಟಿಗೆ ಹೊಸಬರು ಬಂದಿರುತ್ತಾರೆ. ಉಳಿಯುವುದು ಆಸೆಯ ಎಳೆತ ಮಾತ್ರ.

ಆದರೆ ಇವರು ಧಾರವಾಡ ಬಿಟ್ಟು ಹೋಗಲಾರದ್ದಕ್ಕೆ ಇದಕ್ಕಿಂತ ಆಳದ ಕಾರಣ ಒಂದಿದೆ. ಅದು ಹೊಳೆಯುವುದು ರೀಡಿಂಗ್ ರೂಮಿನೊಳಗೆ ಹೋಗಿ ನಿಂತಾಗ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಪ್ಲೈವುಡ್ ಅಡ್ಡ ಹಚ್ಚಿದ ಸಾಲು ಸಾಲು ಕ್ಯಾಬಿನ್. ಒಂದೊಂದಕ್ಕೆ ಒಂದು ಲೈಟು, ಒಂದು ಪ್ಲಗ್ ಪಾಯಿಂಟ್. ಪ್ಲೈವುಡ್ ಮೇಲೆ ಅಂಟಿಸಿದ ಕರ್ನಾಟಕದ ನಕ್ಷೆ, ಸಂವಿಧಾನದ ವಿಧಿಗಳ ಪಟ್ಟಿ, ಕೈಯಲ್ಲಿ ಗೆರೆ ಎಳೆದು ಬರೆದ ಟೈಮ್ ಟೇಬಲ್. ಐದೂವರೆಗೆ ಏಳುವುದು, ಆರಕ್ಕೆ ಕರೆಂಟ್ ಅಫೇರ್ಸ್, ಹತ್ತಕ್ಕೆ ಗಣಿತ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಎದ್ದು ಖಾನಾವಳಿಗೆ. ಸಂಜೆ ಫಿಸಿಕಲ್ ತಯಾರಿಯವರು ಮೈದಾನಕ್ಕೆ, ಉಳಿದವರು ಚಹಾಕ್ಕೆ. ಪಕ್ಕದ ಕ್ಯಾಬಿನ್ನಿನ ಹುಡುಗಿ ಎರಡು ದಿನ ಬರದಿದ್ದರೆ ಮೂರನೇ ದಿನ ಯಾರಾದರೂ ಫೋನ್ ಮಾಡುತ್ತಾರೆ.

ಇದು ನೌಕರಿ ಇರುವವರ ದಿನಚರಿಯೇ. ಸಂಬಳ ಒಂದಿಲ್ಲ.

ಆಸ್ಟ್ರಿಯಾದ ಮರಿಯೆಂಟಾಲ್ ಎನ್ನುವ ಸಣ್ಣ ಊರಿನ ಬಟ್ಟೆ ಗಿರಣಿ 1930ರ ಹೊತ್ತಿಗೆ ಮುಚ್ಚಿತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರೀ ಯಹೋಡಾ ಎನ್ನುವ ಯುವ ಮನಶ್ಶಾಸ್ತ್ರಜ್ಞೆ ಮತ್ತು ಆಕೆಯ ಸಂಗಡಿಗರು ಅಲ್ಲಿ ಹೋಗಿ ಜನರ ಬದುಕನ್ನು ಹತ್ತಿರದಿಂದ ದಾಖಲಿಸಿ 1933ರಲ್ಲಿ ಪ್ರಕಟಿಸಿದರು. ಕಿಟಕಿಯಲ್ಲಿ ನಿಂತು, ಬೀದಿಯಲ್ಲಿ ಜನ ಎಷ್ಟು ಬೇಗ ನಡೆಯುತ್ತಾರೆ ಅಂತ ಕೂಡ ಅಳೆದರು. ಕೆಲಸ ಹೋದ ಗಂಡಸರ ನಡಿಗೆ ನಿಧಾನವಾಗಿತ್ತು, ದಾರಿಯಲ್ಲಿ ಮತ್ತೆ ಮತ್ತೆ ಸುಮ್ನೆ ನಿಲ್ಲುತ್ತಿದ್ದರು. ಮನೆಗೆಲಸ ಇದ್ದ ಹೆಂಗಸರು ಅವರಿಗಿಂತ ಬೇಗ ನಡೆಯುತ್ತಿದ್ದರು. ಬಹಳ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ದಿನವಿಡೀ ಏನು ಮಾಡಿದಿರಿ ಅಂತ ಕೇಳಿದರೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ. ಬೇಕಾದಷ್ಟು ಬಿಡುವು ಇತ್ತು. ಆದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಸಂಬಳದ ಹೊರತಾಗಿ ಕೆಲಸ ನಮಗೆ ಏನು ಕೊಡುತ್ತದೆ ಎಂದು ಯಹೋಡಾ ಮುಂದೆ ಬಿಡಿಸಿ ಹೇಳಿದರು. ಹೊತ್ತಿಗೆ ಒಂದು ಕಟ್ಟುಪಾಡು, ಮನೆಯಾಚೆಯ ಜನರ ಒಡನಾಟ, ನಾಲ್ಕು ಜನರ ಜೊತೆ ಸೇರಿ ಒಂದು ಗುರಿ, ಸಮಾಜದಲ್ಲಿ ಒಂದು ಗುರುತು, ಕೈಗೆ ಚಟುವಟಿಕೆ. ಧಾರವಾಡದ ರೀಡಿಂಗ್ ರೂಮು ಈ ಐದನ್ನೂ ಕೊಡುತ್ತದೆ. ಊರಲ್ಲಿ ಕೂತರೆ 'ಖಾಲಿ ಅದಾನ', ಧಾರವಾಡದಲ್ಲಿ ಕೂತರೆ 'ಓದಾಕತ್ತಾನ'. ಹಾಗಾಗಿ ಓದು ಬಿಡುವುದು ಅಂದರೆ ಒಂದು ಪರೀಕ್ಷೆ ಬಿಟ್ಟಂತೆ ಅಲ್ಲ, ಮರಿಯೆಂಟಾಲ್‌ನ ಬೀದಿಗೆ ಹೋಗಿ ನಿಂತಂತೆ. ಆ ಭಯವನ್ನು ಅರ್ಥ ಮಾಡಿಕೊಳ್ಳದೆ 'ವಾಪಸ್ ಬಾ' ಅನ್ನುವುದು ಕ್ರೌರ್ಯ. ಹಾಗೆಯೇ, ಈ ಮಕ್ಕಳ ಮನಸ್ಸನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿರುವುದು ಆ ಪ್ಲೈವುಡ್ ಕ್ಯಾಬಿನ್ನುಗಳೇ ಎನ್ನುವುದನ್ನೂ ಒಪ್ಪಬೇಕು.

ಒಂದು ಅಪಾಯವೂ ಅಲ್ಲೇ ಇದೆ. ಪರೀಕ್ಷೆ ನಡೆಯದಿದ್ದಾಗ ಓದು ಸಾಗುತ್ತಿದೆಯೋ ಇಲ್ಲವೋ ಅಳೆಯಲು ಏನೂ ಸಿಗುವುದಿಲ್ಲ. ಆಗ ಗಂಟೆಗಳನ್ನು ಎಣಿಸುತ್ತೇವೆ. 'ದಿನಾ ಹದಿನಾಲ್ಕು ತಾಸು ಓದ್ತೀನಿ' ಎನ್ನುವುದೇ ಸಾಧನೆಯಾಗುತ್ತದೆ. ಅದೇ ಪುಸ್ತಕ, ಅದೇ ಹಳದಿ ಗೆರೆ, ಮತ್ತೆ ಮತ್ತೆ ಓದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗ ಪ್ರತಿ ರೀಡಿಂಗ್ ರೂಮಿನ ಗೋಡೆಯ ಮೇಲೂ ಇರಬೇಕು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದೆ. ಒಂದು ವಾರದ ನಂತರ ಓದಿದವರಿಗೆ ಸುಮಾರು 40 ಪ್ರತಿಶತ ನೆನಪಿತ್ತು, ಬರೆದವರಿಗೆ ಸುಮಾರು 61. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಮಾತ್ರ ಬರೀ ಓದಿದವರಿಗೇ ಹೆಚ್ಚಿತ್ತು. ಕಣ್ಣಿಗೆ ಪರಿಚಯ ಆದದ್ದನ್ನು ಮನಸ್ಸು ಕಲಿತದ್ದು ಅಂತ ತಿಳಿದುಕೊಳ್ಳುತ್ತದೆ. ವಾರಕ್ಕೊಂದು ಟೆಸ್ಟ್ ಬರೆಯುವವರಿಗೆ ನೆನಪೂ ಗಟ್ಟಿಯಾಗುತ್ತದೆ, 'ಈ ವಾರ ಇಷ್ಟು ಬಂತು' ಎನ್ನುವ ಒಂದು ಖಚಿತ ಸುದ್ದಿಯೂ ಸಿಗುತ್ತದೆ. ಕಾಯುವವರಿಗೆ ಆ ಖಚಿತ ಸುದ್ದಿ ಔಷಧಿ ಇದ್ದಂತೆ.

ಯಾಕೆ ಅಂದರೆ, ಮನಸ್ಸು ಕುಸಿಯುವುದಕ್ಕೂ ಹಿಡಿತ ತಪ್ಪುವುದಕ್ಕೂ ನಂಟಿದೆ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಏನು ಮಾಡಿದರೂ ನಿಲ್ಲದ ಶಾಕ್ ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಒಂದು ಸಣ್ಣ ತಡೆ ಹಾರಿದರೆ ತಪ್ಪಿಸಿಕೊಳ್ಳಬಹುದಾಗಿದ್ದರೂ, ಹಾರದೆ ಅಲ್ಲೇ ಮಲಗಿಬಿಟ್ಟವು. ಅಸಹಾಯಕತೆಯನ್ನು ಅವು ಕಲಿತವು ಎಂದು ಅವರು ಆಗ ವಿವರಿಸಿದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಿರುವು ಮುರುವು ಮಾಡಿದರು. ನೋವು ಬಹಳ ಕಾಲ ಮುಂದುವರಿದಾಗ ಕೈಚೆಲ್ಲಿ ಕೂರುವುದು ಹುಟ್ಟಿನಿಂದಲೇ ಬಂದ ಸ್ವಭಾವ, ಅದನ್ನು ಯಾರೂ ಕಲಿಯಬೇಕಿಲ್ಲ. ಮಿದುಳು ಕಲಿಯುವುದು ಅದರ ವಿರುದ್ಧದ್ದನ್ನು, ಅಂದರೆ ನಾನು ಮಾಡಿದ್ದರಿಂದ ಏನಾದರೂ ಬದಲಾಗುತ್ತದೆ ಎನ್ನುವುದನ್ನು. ಆ ಅನುಭವ ಸಿಕ್ಕರೆ ಮಿದುಳಿನ ಮುಂಭಾಗ, ಕೈಚೆಲ್ಲುವ ಆ ಹಳೆಯ ವ್ಯವಸ್ಥೆಯನ್ನು ಅದುಮಿ ಹಿಡಿಯುತ್ತದೆ.

ಸೋಮಾರಿಗಳಾಗಿದ್ದಾರೆ, ಛಲ ಇಲ್ಲ ಅಂತ ಈ ಮಕ್ಕಳಿಗೆ ಹೇಳುವವರು ಇದನ್ನು ಗಮನಿಸಬೇಕು. ಮಾಡಿದ್ದಕ್ಕೆ ಉತ್ತರವೇ ಬರದ ಕಡೆ ಯಾರ ಛಲವಾದರೂ ಬತ್ತುತ್ತದೆ. ಆಗ ಬೇಕಾದದ್ದು ಚಿಕ್ಕದಾದರೂ ನಿಜವಾದ ಹಿಡಿತ. ಈ ವರ್ಷದ ಮೇ ತಿಂಗಳವರೆಗೆ ಪೂರ್ತಿ ಓದು, ಆಮೇಲೆ ಅರ್ಧ ದಿನ ಕೆಲಸ ಅರ್ಧ ದಿನ ಓದು ಅಂತ ತಾವೇ ತಾರೀಖು ಹಾಕಿಕೊಳ್ಳಬಹುದು. ಆ ತಾರೀಖನ್ನು ಮನಸ್ಸು ಕುಗ್ಗುವ ಮೊದಲೇ ಹಾಕಬೇಕು, ಮನೆಯವರಿಗೂ ಹೇಳಬೇಕು. ನಾಲ್ಕು ವರ್ಷ ಕಳೆಯಿತು ಎನ್ನುವ ಲೆಕ್ಕ ಬಿಟ್ಟು, ಇಂದು ಹೊಸದಾಗಿ ಶುರು ಮಾಡುವುದಾಗಿದ್ದರೆ ಇದನ್ನೇ ಆರಿಸುತ್ತಿದ್ದೆನಾ ಅಂತ ಕೇಳಿಕೊಳ್ಳಬೇಕು.

ಮನೆಯವರಿಗೂ ಒಂದು ಮಾತು. ಬಹಳ ಮಕ್ಕಳು ಹಬ್ಬಕ್ಕೂ ಊರಿಗೆ ಹೋಗುವುದಿಲ್ಲ. 'ಅವ್ವಾ, ಈ ಸಲ ಜಾತ್ರಿಗೆ ಬರಾಕ ಆಗಂಗಿಲ್ಲ, ಟೆಸ್ಟ್ ಐತಿ' ಅನ್ನುತ್ತಾರೆ. ಟೆಸ್ಟ್ ಇರುವುದಿಲ್ಲ. ಕಟ್ಟೆಯ ಮೇಲೆ ಕೂತ ಕಾಕಾ 'ಏನ್ ತಮ್ಮಾ, ಯಾವಾಗ ಆಕ್ಕೈತಿ ನೌಕ್ರಿ?' ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಕೇಳಿದವರಿಗೂ ಗೊತ್ತಿಲ್ಲ, ಹುಡುಗನಿಗೂ ಗೊತ್ತಿಲ್ಲ, ಬೆಂಗಳೂರಿಗೂ ಗೊತ್ತಿಲ್ಲ. ಆ ಪ್ರಶ್ನೆ ಬಿಟ್ಟು 'ಊಟ ಹೆಂಗೈತಿ, ನಿದ್ದಿ ಬರತೈತೇನು' ಅಂತ ಕೇಳಿ. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿದ್ದರೆ, ಬದುಕೇ ಬೇಡ ಎನ್ನುವ ಯೋಚನೆ ಸುಳಿದರೆ ತಡ ಮಾಡಬಾರದು. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಓದುವವರಿಗೆ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಊರಲ್ಲೇ ಇದೆ. ಅದು 1845ರಷ್ಟು ಹಿಂದೆ ಶುರುವಾದ ಆಸ್ಪತ್ರೆ. 'ಹುಚ್ಚಾಸ್ಪತ್ರಿ' ಎನ್ನುವ ಹಳೆಯ ಹೆಸರಿಗೆ ಅಂಜಿ ಅದರ ಗೇಟು ದಾಟದವರು ಬಹಳ. ನಿದ್ದೆ ಬಾರದ ವಿದ್ಯಾರ್ಥಿಗೂ ಅದು ಸರಿಯಾದ ಜಾಗವೇ.

ಇದೆಲ್ಲ ಗಾಯಕ್ಕೆ ಮದ್ದು. ಗಾಯ ಮಾಡುವುದನ್ನು ನಿಲ್ಲಿಸುವ ಕೆಲಸ ಸರ್ಕಾರದ್ದು. ಕೇಂದ್ರದ ಯುಪಿಎಸ್‌ಸಿ ಮುಂದಿನ ವರ್ಷದ ಪರೀಕ್ಷೆಗಳ ಕ್ಯಾಲೆಂಡರನ್ನು ತಿಂಗಳುಗಳ ಮೊದಲೇ ಪ್ರಕಟಿಸುತ್ತದೆ. ರಾಜ್ಯದಲ್ಲಿ ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿ (ಲೋಕಸೇವಾ ಆಯೋಗ), ಕೆಇಎ (ಪರೀಕ್ಷಾ ಪ್ರಾಧಿಕಾರ), ಪೊಲೀಸ್ ನೇಮಕಾತಿ ವಿಭಾಗಕ್ಕೂ ಅಂಥದ್ದೊಂದು ಪಾಲಿಸುವ ಕ್ಯಾಲೆಂಡರ್ ಬೇಕು. ಅಧಿಸೂಚನೆ, ಪರೀಕ್ಷೆ, ಕೀ ಆನ್ಸರ್, ಅಂತಿಮ ಪಟ್ಟಿ, ಆದೇಶ ಪತ್ರ, ಪ್ರತಿಯೊಂದಕ್ಕೂ ಅದರಲ್ಲಿ ತಾರೀಖು ಇರಲಿ. ಮುಂದೂಡುವುದು ಅನಿವಾರ್ಯವಾದರೆ ಅದೇ ಆದೇಶದಲ್ಲಿ ಹೊಸ ತಾರೀಖೂ ಕಾರಣವೂ ಇರಲಿ. ಯಾವ ಹುದ್ದೆಗೆ ಈ ವರ್ಷ ನೇಮಕಾತಿ ಇಲ್ಲವೋ ಅದನ್ನೂ ಸ್ಪಷ್ಟವಾಗಿ ಇಲ್ಲ ಅಂತಲೇ ಬರೆಯಲಿ. 'ಇಲ್ಲ' ಅಂತ ಗೊತ್ತಾದ ವರ್ಷ ಒಬ್ಬ ಹುಡುಗಿ ಬಿ.ಎಡ್. ಸೇರಬಹುದು, ಇನ್ನೊಬ್ಬ ಬ್ಯಾಂಕ್ ಪರೀಕ್ಷೆ ಕಡೆ ತಿರುಗಬಹುದು, ಮತ್ತೊಬ್ಬ ಕೋಣೆಯ ಬಾಡಿಗೆ ಉಳಿಸಿ ಊರಿಗೆ ಹೋಗಿ ಅಪ್ಪನ ಜೊತೆ ಮುಂಗಾರಿ ಬಿತ್ತನೆ ಮುಗಿಸಿ ಬರಬಹುದು.